ಪುರವಂತರ ದಪ್ಪ ಶಸ್ತ್ರ

ನಿಜಾಮನ ಆಳ್ವಿಕೆಯ ದಿನಗಳು. ಯಲಬುರ್ಗಾ ಹತ್ತಿರದ ಮಂಗಳೂರೆಂಬ ಹಳ್ಳಿಯಲ್ಲಿ ವೀರಭದ್ರನ ವೇಷ ತೊಟ್ಟು ಕುಣಿಯುವ ಪುರವಂತ ಹುಚ್ಚೀರಪ್ಪ ಗುಗ್ಗಳದ ಮೆರವಣಿಗೆಯಲ್ಲಿ ದೇವರನ್ನು ಹೊಗಳುವ ಒಡಪು ಹೇಳಿ ನಾಲಿಗೆಗೆ ಶಸ್ತ್ರ ಚುಚ್ಚಿಕೊಂಡರೆ ಯಲಬುರ್ಗಾ ಸೀಮೆಯೇ ಉಸಿರು ಹಿಡಿದು ನಿಲ್ಲುತ್ತಿತ್ತು. ಅವನ ತಂದೆಯ ಕಾಲದ ಶಸ್ತ್ರ ದಬ್ಬಣದಷ್ಟು ತೆಳು. ಕುದಿನೀರಲ್ಲಿ ಅದ್ದಿ, ನಿಂಬೆಹಣ್ಣಿನಿಂದ ತಿಕ್ಕಿ, ವಿಭೂತಿ ಬಳಿದು ಚುಚ್ಚಬೇಕು. ಆಮೇಲೆ ಮೂರು ದಿನ ಉಪ್ಪುನೀರು ಮುಕ್ಕಳಿಸಿ ಗಂಜಿ ಕುಡಿಯಬೇಕು. ದೇವರು ಬೇಡುವುದು ಅಷ್ಟೇ. ಮಂದಿ ಬೇಡುವುದು ಹೆಚ್ಚು.

ಕುಷ್ಟಗಿಯ ಪುರವಂತನೊಬ್ಬ ಕಿರುಬೆರಳು ದಪ್ಪದ್ದು ಹಾಕಿಕೊಂಡನಂತೆ ಎಂಬ ಸುದ್ದಿ ಬಂದದ್ದೇ ತಡ, ಹುಚ್ಚೀರಪ್ಪ ಕಮ್ಮಾರ ಉಮರಸಾಬನ ಕುಲುಮೆಗೆ ಹೋದ.

"ನಡುಬೆರಳಿನಷ್ಟು ದಪ್ಪ ಮಾಡೋ."

"ಇದು ನಾಲಿಗಿಗೋ, ಬಂಡಿ ಗಾಲಿಗೋ, ಅಪ್ಪಾರ?"

ಗೌಡರ ಮದುವೆಯ ಗುಗ್ಗಳದಲ್ಲಿ ಅದನ್ನೇ ಚುಚ್ಚಿಕೊಂಡ. "ತೊಳದರ ಹಾಕ್ಕೋರಿ" ಎಂದು ಹೆಂಡತಿ ಹುಲಗೆಮ್ಮ ಮೊದಲೇ ಅಂದಿದ್ದಳು. "ದೇವರ ಕಬ್ಬಿಣಕ್ಕ ಎಂಥಾ ಹೊಲಸ ಹತ್ತತೈತೇ?" ಎಂದು ಗದರಿದ್ದ. ಸಾಲದ್ದಕ್ಕೆ, ದೇವರ ಗಾಯ ಉರಿಯುವುದಿಲ್ಲವೆಂದು ತೋರಿಸಲು ಪಂಕ್ತಿಯಲ್ಲಿ ಕುಳಿತು ಕೆಂಪು ಮೆಣಸಿನಕಾಯಿ ಚಟ್ನಿ ತಿಂದ.

ಮೂರನೆಯ ದಿನಕ್ಕೆ ನಾಲಿಗೆ ಬದನೆಕಾಯಿಯಾಯಿತು. ಮಾತು ನಿಂತಿತು.

"ಅಪ್ಪಾರು ಮೌನ ಹಿಡಿದಾರ" ಎಂದು ಮಂದಿ ಕಾಯಿ ಹಿಡಿದು ಬಂದರು.

"ಮೌನ ಅಲ್ರಿ, ಬಾವು!" ಎಂದಳು ಹುಲಗೆಮ್ಮ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸುಳ್ಳೇಕೆ, ಹುಚ್ಚೀರಪ್ಪನಿಗೂ ಇದು ರುಚಿಸಿತು. ಕಣ್ಣು ಮುಚ್ಚಿ ಕುಳಿತ.

ಐದನೆಯ ದಿನ ಅಳಿಯ ಗ್ಯಾನಪ್ಪ ಅದೇ ಶಸ್ತ್ರ ಹಿಡಿದು ಎದುರು ನಿಂತ.

"ಮಾವಾರ, ನಾಳಿ ಕೊಪ್ಪಳದ ಗುಗ್ಗಳದಾಗ ಇದನ್ನ ನಾ ಹಾಕ್ಕೋತೀನ್ರಿ. ಆಶೀರ್ವಾದ ಮಾಡ್ರಿ."

ಮಗಳು ತುಂಬು ಬಸುರಿ. ಹುಚ್ಚೀರಪ್ಪ ಬೇಡವೆಂದು ಜೋರಾಗಿ ತಲೆ ಕೊಡವಿದ. ದೇವರು ಮೈಮೇಲೆ ಬಂತೆಂದು ಮಂದಿ ಶಂಖ ಊದಿದರು. ಅದನ್ನೇ ಆಶೀರ್ವಾದವೆಂದುಕೊಂಡ ಗ್ಯಾನಪ್ಪ ಕಾಲಿಗೆ ಬಿದ್ದು ಹೊರಡಲು ತಿರುಗಿದ.

ಇನ್ನು ದೊಡ್ಡಸ್ತಿಕೆ ನೋಡಿದರೆ ಮಗಳ ಕುಂಕುಮ ಉಳಿಯಲಿಕ್ಕಿಲ್ಲ. ಹುಚ್ಚೀರಪ್ಪ ಎದ್ದು ಅಳಿಯನ ಕಿವಿ ಹಿಡಿದು ಬಾಗಿಲ ಬೆಳಕಿಗೆ ಎಳೆದ. ಎಲ್ಲರೆದುರು ಬಾಯಿ ತೆರೆದ.

ನಾತ ಮೊದಲು ಹೊರಬಂತು. ಆಮೇಲೆ ತೂತು ಕಂಡಿತು: ಅಂಚು ಕಪ್ಪು, ನಡುವೆ ಕೀವು. ಗ್ಯಾನಪ್ಪನ ಕೈಯಿಂದ ಶಸ್ತ್ರ ಜಾರಿತು.

"ನಾ ಒಲ್ಲೆ, ಮಾವಾರ!"

ಆದರೆ ಹಿಂದಿನಿಂದ ಇಣುಕಿದ ಮುದುಕಿ ಪಕ್ಕೀರವ್ವ ಕೈಮುಗಿದಳು: "ಶಿವಶಿವಾ! ಅಪ್ಪಾರ ನಾಲಿಗಿ ಮ್ಯಾಲ ಮೂರನೇ ಕಣ್ಣು ಮೂಡೈತಿ!"

"ಆ ಕಣ್ಣಿಗೆ ಕೀವು ತುಂಬೈತವ್ವಾ, ದವಾಖಾನಿಗೆ ಒಯ್ಯಬೇಕು, ದಾರಿ ಬಿಡ್ರಿ!" ಎಂದು ಹುಲಗೆಮ್ಮ ಬಂಡಿ ಹೂಡಿಸಿದಳು.

ದಾರಿ ಬಿಡುವುದೆಲ್ಲಿ ಬಂತು? ಮೂರನೇ ಕಣ್ಣಿನ ಮೆರವಣಿಗೆಯೆಂದು ಸಮಾಳ ಬಾರಿಸುವವರು ಬಂಡಿಯ ಮುಂದಾದರು. ಪ್ರತಿ ಓಣಿಯಲ್ಲೂ ನಿಲ್ಲಿಸಿ ಎತ್ತುಗಳ ಕಾಲಿಗೆ ನೀರು ಹಾಕಿ ಆರತಿ ಎತ್ತಿದರು. ಬೆಳಿಗ್ಗೆ ಹೂಡಿದ ಬಂಡಿ ಹೊತ್ತು ಇಳಿದರೂ ಊರ ಅಗಸಿ ಬಾಗಿಲು ದಾಟಿರಲಿಲ್ಲ.