ಗಾಡಿಯವನಿಗಾಗಿ ಕೆತ್ತಿದ ಚಂದ್ರ

ಗೋರಿಕಲ್ಲು ಕೆತ್ತುವವನು ತನ್ನ ಗೋರಿಕಲ್ಲನ್ನು ತಾನೇ ಕೆತ್ತಿಟ್ಟು ಸತ್ತ. ತನ್ನ ಹೆಸರು, ಅಪ್ಪನ ಹೆಸರು, ಹುಟ್ಟಿದ ವರ್ಷ ಎಲ್ಲವನ್ನೂ ಕೆತ್ತಿ, ಸತ್ತ ದಿನಕ್ಕೆ ಮಾತ್ರ ಜಾಗ ಬಿಟ್ಟಿದ್ದ. ಆ ಅಂಕಿಗಳನ್ನು ಅವನ ತಮ್ಮ ಕೆತ್ತಿದ. ಹೆಂಡತಿಗೆ ಅದರಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಅವಳಿಗೆ ಕೆತ್ತಲು ಬರುತ್ತಿದ್ದುದು ಚಂದ್ರ ಒಂದೇ, ಆ ಕಲ್ಲಿನ ಮೇಲೆ ಚಂದ್ರ ಬೇಡವೆಂದು ಅವನು ಅವಳಿಂದ ಮಾತು ತೆಗೆದುಕೊಂಡಿದ್ದ.

ಆ ಅಂಗಡಿಯಲ್ಲಿ ಅಕ್ಷರ ಗಂಡನದು, ಚಂದ್ರ ಹೆಂಡತಿಯದು. ತಗಡಿನ ಅಚ್ಚನ್ನು ಕಲ್ಲಿನ ನೆತ್ತಿಗೆ ಒತ್ತಿ ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕು, ಸಣ್ಣ ಉಳಿಯಿಂದ ತೋಡಬೇಕು, ಆಮೇಲೆ ನೀರು ಹನಿಸುತ್ತಾ ಸಾಣೆಕಲ್ಲಿನಿಂದ ಉಜ್ಜಬೇಕು. ಇದನ್ನೆಲ್ಲ ಅವಳಿಗೆ ಕಲಿಸಿದವಳು ಅತ್ತೆ; ಅತ್ತೆಗೂ ಅಕ್ಷರ ಬಾರದು, ಚಂದ್ರ ಒಂದೇ. ಮುದುಕಿಯ ಎರಡೂ ಕಣ್ಣಿಗೆ ಪೊರೆ ಬೆಳೆದು ಬೆಳಕು ಕತ್ತಲೆಗಳಷ್ಟೇ ತಿಳಿಯುವಂತಾದ ಮೇಲೂ ಅವಳು ಕಲ್ಲಿನ ಮುಂದೆ ಕೂತು ಬೆರಳಾಡಿಸಿ, ಇಲ್ಲಿನ್ನೂ ತರಿ ಇದೆ, ಚಂದ್ರನ ಕೊಂಬಿನ ತುದಿ ಮೊಂಡಾಗಿದೆ ಎಂದು ಸೊಸೆಯ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದಳು. ತಪ್ಪು ಇರುತ್ತಿತ್ತು ಕೂಡ.

ಕಲ್ಲಿನಿಂದ ಅನ್ನ ಕಂಡವನ ಎದೆಯಲ್ಲಿ ಕಲ್ಲಿನ ಪುಡಿಯೇ ಕೂತಿತ್ತು. ಕೆಮ್ಮಿ ಕೆಮ್ಮಿ ಸುಸ್ತಾದಾಗ ಅವನು ಉಳಿ ಕೆಳಗಿಟ್ಟು ಮಾತಿಗಿಳಿಯುತ್ತಿದ್ದ. ಚಂದ್ರ ಅಂಗಡಿಗೆ ಹೇಗೆ ಬಂದ ಎಂಬ ಕಥೆಯನ್ನು ಅವನು ಹೆಂಡತಿಗೆ ಹೇಳಿದ್ದು ಹಾಗೆ ಕೂತಾಗಲೇ.

ಅವನ ಅಜ್ಜನ ಕಾಲದಲ್ಲಿ ಆ ಊರಿನ ಮುಸಲ್ಮಾನರ ಗೋರಿಗಳಿಗೆ ಗುರುತೇ ಇರಲಿಲ್ಲವಂತೆ. ತಲೆಯ ಕಡೆ ಒಂದು ಬೋಳುಕಲ್ಲು, ಬೇಕೆಂದವರಿಗೆ ಅದರ ಮೇಲೊಂದು ಹೆಸರು, ಅಷ್ಟೇ. ರಸ್ತೆಯಾಚೆ ಕ್ರೈಸ್ತರ ಸ್ಮಶಾನ. ಎರಡಕ್ಕೂ ಕಲ್ಲು ಹೋಗುತ್ತಿದ್ದುದು ಇದೇ ಅಂಗಡಿಯಿಂದ, ಒಂದೇ ಗಾಡಿಯಲ್ಲಿ. ಗಾಡಿಯವನಿಗೆ ಅಕ್ಷರವೆಂದರೆ ಇರುವೆ ಸಾಲು. ಶಿಲುಬೆ ಇದ್ದ ಕಲ್ಲು ಎಲ್ಲಿಗೆಂದು ಅವನಿಗೆ ತಿಳಿಯುತ್ತಿತ್ತು. ಆದರೆ ಆ ಕಡೆಯವರೂ ಕೆಲವರು ಬರೀ ಹೆಸರಿನ ಕಲ್ಲು ಮಾಡಿಸಿಕೊಳ್ಳುತ್ತಿದ್ದರು. ಒಂದು ಸಲ ಕಲ್ಲುಗಳು ಅದಲುಬದಲಾಗಿ, ಎರಡು ಮನೆಯವರು ಅಂಗಡಿಯ ಮುಂದೆ ನಿಂತು ಅಜ್ಜನ ಏಳು ತಲೆಮಾರನ್ನೂ ಜಾಲಾಡಿದರಂತೆ.

ಅಂದಿನಿಂದ ಅಜ್ಜ ಮುಸಲ್ಮಾನರ ಕಲ್ಲಿನ ಮೂಲೆಯಲ್ಲಿ ಹೆಬ್ಬೆರಳುಗಾತ್ರದ ಒಂದು ಚಂದ್ರ ಕೆತ್ತತೊಡಗಿದ. ಯಾವುದೋ ಹಳೆಯ ಸಾಮ್ರಾಜ್ಯದ ಬಾವುಟವನ್ನು ಬೆಂಕಿಪೊಟ್ಟಣದ ಮೇಲೆ ನೋಡಿದ್ದನಂತೆ, ಚಂದ್ರ ಮತ್ತು ನಕ್ಷತ್ರ. ನಕ್ಷತ್ರದ ಮೂಲೆಗಳನ್ನು ತೋಡುವುದು ತಲೆನೋವಿನ ಕೆಲಸವೆಂದು ಚಂದ್ರನನ್ನಷ್ಟೇ ಇಟ್ಟುಕೊಂಡ. ಗಾಡಿಯವನಿಗೆ ಸುಲಭವಾಯಿತು. ಆದರೆ ಜನ ಸುಮ್ಮನಿರುತ್ತಾರೆಯೇ? ಅವರಪ್ಪನಿಗೆ ಚಂದ್ರ ಇದೆ, ನಮ್ಮಪ್ಪನಿಗೆ ಯಾಕಿಲ್ಲ ಎಂದು ಒಬ್ಬ ಬಂದ. ನಮ್ಮದು ಸ್ವಲ್ಪ ದೊಡ್ಡದಿರಲಿ ಎಂದು ಇನ್ನೊಬ್ಬ. ಮೂಲೆಯಲ್ಲಿದ್ದ ಚಂದ್ರ ಒಂದು ತಲೆಮಾರಿನೊಳಗೆ ಕಲ್ಲಿನ ನೆತ್ತಿಗೇರಿದ, ನೆತ್ತಿಗೇರಿದ ಮೇಲೆ ಧರ್ಮವೇ ಆದ.

"ಅದು ರಾಜರ ಬಾವುಟದಲ್ಲಿತ್ತು, ಅದಕ್ಕೂ ಮುಂಚೆ ಯಾವ್ಯಾವುದೋ ನಾಣ್ಯದ ಮೇಲಿತ್ತು," ಎಂದಿದ್ದ ಗಂಡ. "ನಮ್ಮ ಗ್ರಂಥದಲ್ಲಿ ಚಂದ್ರ ಇರೋದು ತಿಂಗಳು ಲೆಕ್ಕ ಹಾಕೋಕೆ. ಕಲ್ಲಿಗೆ ಹಚ್ಚು ಅಂತ ಎಲ್ಲೂ ಹೇಳಿಲ್ಲ. ದೇವರ ಹತ್ರ ಹೋಗೋವಾಗ ಗಾಡಿಯವನ ಗುರುತು ನನಗ್ಯಾಕೆ? ನನಗೆ ಬೇಡ. ಮಾತು ಕೊಡು."

ಅವಳು ಕೊಟ್ಟಳು. ಸಂಸಾರದುದ್ದಕ್ಕೂ ಅವನು ಅವಳನ್ನು ಇಂಥದ್ದು ಬೇಕೆಂದು ಕೇಳಿದ್ದು ಕಡಿಮೆ.

ಅವನು ಹೋದ ಮೇಲೆ ಮೈದುನ ತಕರಾರು ತೆಗೆದ. ಅಣ್ಣನ ಮಾತು ಅಂಗಡಿಯೊಳಗೆ ಸರಿ, ಹೊರಗೆ ಯಾರಿಗೆ ಅರ್ಥವಾಗುತ್ತದೆ ಎಂದ. ಅವನು ಹೇಳಿದ್ದರಲ್ಲೂ ಸುಳ್ಳಿರಲಿಲ್ಲ. ಎಲ್ಲರ ಕಲ್ಲಿಗೂ ಚಂದ್ರ ಬಂದ ಮೇಲೆ ಬೋಳುಕಲ್ಲಿಗೂ ಒಂದು ಅರ್ಥ ಬಂದುಬಿಟ್ಟಿತ್ತು. ಆಸ್ಪತ್ರೆಯಲ್ಲಿ ಕೇಳುವವರಿಲ್ಲದೆ ಸತ್ತವರಿಗೆ, ರಸ್ತೆಯಲ್ಲಿ ಸಿಕ್ಕಿದ ಹೆಣಗಳಿಗೆ ನೆಡುತ್ತಿದ್ದುದು ಬೋಳುಕಲ್ಲು.

"ಅತ್ತಿಗೆ, ನಮ್ಮಣ್ಣ ಏನು ದಿಕ್ಕಿಲ್ಲದವನಾ?" ಎಂದು ಅವನು ಕಣ್ಣಲ್ಲಿ ನೀರು ತಂದುಕೊಂಡ.

ಮಾತು ಕೊಟ್ಟಿದ್ದೇನೆ ಎಂದು ಅವಳು ಪಟ್ಟು ಹಿಡಿದಳು. ಕಲ್ಲು ಬೋಳಾಗಿಯೇ ನಿಂತಿತು. ಊರ ಬಾಯಿಗೆ ಬೀಗ ಹಾಕಲಾಗುವುದಿಲ್ಲ; ಕೆತ್ತುವವನ ಮನೆಯವರಿಗೇ ಒಂದು ಚಂದ್ರನಿಗೂ ಗತಿಯಿಲ್ಲವೇ ಎಂದು ಕೆಲವರು ಆಡಿಕೊಂಡರು, ಕೊನೆಗಾಲದಲ್ಲಿ ಅವನಿಗೆ ನಂಬಿಕೆ ಕೆಟ್ಟಿತ್ತೆಂದು ಕೆಲವರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಅತ್ತಿಗೆ ಮೈದುನ ಒಂದಾದರು: ಮುದುಕಿಗೆ ಇದನ್ನು ಹೇಳುವುದು ಬೇಡ. ಮಗ ಹೋದ ದಿನ ಪ್ರಜ್ಞೆ ತಪ್ಪಿದ ಅವಳು ಒಳಕೋಣೆಯಲ್ಲಿ ಹಾಸಿಗೆ ಹಿಡಿದಿದ್ದಳು. ಹೇಗೂ ಕಣ್ಣು ಕಾಣುವುದಿಲ್ಲ, ಸುಮ್ಮನೆ ಯಾಕೆ ನೋಯಿಸುವುದು ಎಂದುಕೊಂಡರು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ. ಊರಿನ ಅರ್ಧ ಗೋರಿಗಳ ಚಂದ್ರನನ್ನು ಬೆರಳಿನಿಂದಲೇ ಓದಿದವಳಿಗೆ ಕಣ್ಣು ಯಾಕೆ ಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಎದ್ದು ಓಡಾಡುವಂತಾದ ಮೇಲೆ ಮುದುಕಿ ಕೋಲು ಹಿಡಿದು ವಾರಕ್ಕೊಮ್ಮೆ ಹೋಗಿಬರತೊಡಗಿದಳು. ನಲ್ಲಿಯ ಪಕ್ಕದ ಸಾಲು, ತುದಿಯಲ್ಲಿ ಎಂದು ಕಿರಿಯ ಮಗ ದಾರಿ ಹೇಳಿದ್ದ. ಸೊಸೆ ಜೊತೆಗೆ ಬರುತ್ತೇನೆಂದರೆ ಬೇಡ ಎನ್ನುತ್ತಿದ್ದಳು, ತಾಯಿ ಮಗನ ಮಾತಿನ ನಡುವೆ ನೀನೇಕೆ ಎಂದು. ಬಂದ ಮೇಲೆ ಮುಖ ಸ್ವಲ್ಪ ತಿಳಿಯಾಗಿರುತ್ತಿತ್ತು. ಎರಡು ತುತ್ತು ಹೆಚ್ಚಿಗೆ ತಿನ್ನುತ್ತಿದ್ದಳು.

ಒಮ್ಮೆ ಸೊಸೆ ಯಾರದೋ ಕಲ್ಲು ನೆಡಿಸಲು ಅಲ್ಲಿಗೆ ಹೋದಳು. ಸಾಲಿನ ತುದಿಯಲ್ಲಿ ಅತ್ತೆ ಕೂತಿದ್ದು ಕಂಡಿತು. ಹತ್ತಿರ ಹೋದವಳು ನಿಂತುಬಿಟ್ಟಳು. ಮುದುಕಿ ಕೂತಿದ್ದುದು ಮಗನ ಗೋರಿಯ ಮುಂದಲ್ಲ, ಅದರ ಪಕ್ಕದ್ದರ ಮುಂದೆ. ಅದು ಹೊರ ಊರಿನ ಒಬ್ಬ ಲಾರಿ ಚಾಲಕನದು, ಗಂಡ ಹೋದ ತಿಂಗಳೇ ಸತ್ತವನು. ಅವನ ಮನೆಯವರು ಇದೇ ಅಂಗಡಿಯಲ್ಲಿ ಕಲ್ಲು ಮಾಡಿಸಿ ನೆಡಿಸಿ ಹೋದವರು ಮತ್ತೆ ತಿರುಗಿ ನೋಡಿರಲಿಲ್ಲ. ಮುದುಕಿ ಆ ಚಂದ್ರನ ಮೇಲೆ ಕೈಯಾಡಿಸುತ್ತಾ, ಬೆಳಗ್ಗೆ ನಲ್ಲಿಯಲ್ಲಿ ನೀರು ಬರಲಿಲ್ಲ, ನಿನ್ನ ತಮ್ಮ ಮತ್ತೆ ಸಿಡುಕಿದ ಎಂದು ಮನೆಯ ವರದಿಯೊಪ್ಪಿಸುತ್ತಿದ್ದಳು.

ಸೊಸೆ ಬಂದ ಸದ್ದು ಕೇಳಿ ಅವಳು ಹೆಮ್ಮೆಯಿಂದಲೇ ಹೇಳಿದಳು, "ನಿನ್ನ ಕೈ ಅಂತ ಮುಟ್ಟಿದ ಕೂಡ್ಲೇ ಗೊತ್ತಾಯ್ತು ನೋಡು. ಗಂಡನ ಕಲ್ಲು ಅಂತ ಚೆನ್ನಾಗಿ ಉಜ್ಜಿದೀಯ." ಆಮೇಲೆ ಪಕ್ಕದ ಬೋಳುಕಲ್ಲಿನ ಕಡೆ ಕೋಲು ತೋರಿಸಿದಳು. "ಇಲ್ಲೊಬ್ಬ ಯಾರೂ ಇಲ್ಲದವನು ಮಲಗಿದಾನೆ. ಪಾಪ. ಅವನಿಗೂ ಒಂದು ಮಾತು ಬೇಡಿಕೊಂಡು ಬರ್ತೀನಿ."

ಸೊಸೆ ಏನೋ ನೆಪ ಹೇಳಿ ಅತ್ತೆಯನ್ನು ಮನೆಗೆ ಕರೆದುಕೊಂಡು ಬಂದಳು. ಅಂದಿನಿಂದ ನುಂಗಲೂ ಆಗದ ಉಗುಳಲೂ ಆಗದ ಸಂಕಟ. ಸತ್ತವನು ಒಂದೇ ಒಂದು ಕೇಳಿದ್ದ, ಅದನ್ನು ನಡೆಸಿದ್ದಳು. ಅದಕ್ಕೆ ಸಿಕ್ಕ ಫಲವೆಂದರೆ, ಹೆತ್ತತಾಯಿ ಅವನನ್ನು ಅನಾಥನೆಂದು ಮರುಗಿ ಪರರ ಮಗನಿಗೆ ಮನೆಯ ಸುದ್ದಿ ಹೇಳುತ್ತಿದ್ದಾಳೆ. ಬೋಳುಕಲ್ಲೇ ನಿನ್ನ ಮಗನದು ಎಂದು ಬರೀ ಬಾಯಲ್ಲಿ ಹೇಳಿದರೆ ಮುದುಕಿ ಒಪ್ಪುವವಳಲ್ಲ, ಒಪ್ಪಿದರೆ ಬದುಕುವವಳಲ್ಲ. ಕಲ್ಲಿಗೆ ಚಂದ್ರ ಬರಲಿ, ಬೆರಳಿಗೆ ಸಿಗಲಿ, ಆಗ ಮೆಲ್ಲಗೆ ಹೇಳೋಣವೆಂದು ಅವಳು ನಿರ್ಧರಿಸಿದಳು. ಸತ್ತವನು ಕ್ಷಮಿಸಿಯಾನು, ಬದುಕಿದ್ದವಳನ್ನು ಮೊದಲು ನೋಡಬೇಕು.

ಒಂದು ಮಧ್ಯಾಹ್ನ ಉಳಿಚೀಲ ತೆಗೆದುಕೊಂಡು ಒಬ್ಬಳೇ ಹೋದಳು. ಕೊಟ್ಟ ಮಾತು ಮುರಿಯುವಾಗಲೂ ಕೈ ಎಂದಿನಷ್ಟೇ ಸಲೀಸಾಗಿ ಓಡಿತು, ಅದಕ್ಕೇ ಅವಳಿಗೆ ಅಳು ಬಂತು. ಅಷ್ಟು ನುಣುಪಾದ ಚಂದ್ರನನ್ನು ಅವಳು ಹಿಂದೆ ಯಾರಿಗೂ ಕೆತ್ತಿರಲಿಲ್ಲ. ಕೆಳಗೆ ಅವನದೇ ಕೈಯ ಅಕ್ಷರಗಳಿದ್ದವು. ಅವುಗಳ ಮೇಲೆ ಬಿದ್ದ ಪುಡಿಯನ್ನು ಸೆರಗಿನಿಂದ ಒರೆಸಿ, ತಪ್ಪಾಯಿತು ಎಂದಳು.

ಮುಂದಿನ ವಾರ ಅತ್ತೆಯ ಜೊತೆ ಹಟ ಮಾಡಿ ತಾನೂ ಹೊರಟಳು. ಹೇಗೆ ಶುರುಮಾಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಸಾಲಿನ ತುದಿಯಲ್ಲಿ ಅತ್ತೆಯ ಕೈಹಿಡಿದು ಗಂಡನ ಕಲ್ಲಿನ ಮೇಲಿಟ್ಟಳು.

ಮುದುಕಿಯ ಬೆರಳುಗಳು ತಡವರಿಸಿದವು, ನಿಂತವು, ಮತ್ತೆ ಸುತ್ತಿ ಬಂದವು. ಮುಖ ಅರಳಿತು. ಮಗ ಹೋದ ಮೇಲೆ ಸೊಸೆ ಆ ಮುಖದಲ್ಲಿ ಅಷ್ಟು ಬೆಳಕು ಕಂಡಿರಲಿಲ್ಲ.

"ಇವನಿಗೂ ಚಂದ್ರ ಬಂತಲ್ಲೇ!" ಎಂದಳು. "ಕಡೆಗೂ ಇವನ ಕಡೆಯವರು ಬಂದ್ರು ನೋಡು. ನಾನು ಬೇಡಿಕೊಂಡಿದ್ದು ಸುಮ್ಮನೆ ಹೋಗ್ಲಿಲ್ಲ. ನಿನ್ನ ಕೈಲೇ ಮಾಡಿಸಿದಾರೆ, ಅಲ್ವಾ? ಯಾರು ಬಂದಿದ್ರು?"

ಜೋಡಿಸಿಕೊಂಡ ಮಾತು ಹೇಳಿ ಆ ಮುಖದ ಬೆಳಕನ್ನು ಈಗ ಆರಿಸುವ ಗುಂಡಿಗೆ ಸೊಸೆಗಿರಲಿಲ್ಲ.

"ಹೆಂಡ್ತಿ, ಅತ್ತೆ."

"ಹೆಂಡ್ತಿ ಇದ್ಲಾ!" ಮುದುಕಿಯ ದನಿ ಗಡುಸಾಯಿತು. "ಮತ್ತೆ ಇಷ್ಟು ದಿನ ಅವನನ್ನ ಹೀಗೆ ಅನಾಥನ ಥರ ಬಿಟ್ಟು ಎಲ್ಲಿ ಸತ್ತಿದ್ಲು ಅವಳು?"

ಮುದುಕಿ ಕಲ್ಲನ್ನು ಇನ್ನೊಮ್ಮೆ ತಟ್ಟಿದಳು. ಆಮೇಲೆ, ಮಗ ಕಾಯ್ತಿರ್ತಾನೆ, ನಡಿ ಎಂದು ಸೊಸೆಯ ಭುಜ ಹಿಡಿದು ಲಾರಿ ಚಾಲಕನ ಗೋರಿಯ ಕಡೆ ಹೆಜ್ಜೆ ಹಾಕಿದಳು.