ಎರಡೇ ಲೀಟರ್

ನಮ್ಮ ಬಂಕಿಗೆ ಬರುವವರೆಲ್ಲ ನನ್ನನ್ನು ಸೊನ್ನೆ ಅಕ್ಕ ಎನ್ನುತ್ತಾರೆ. ಪೆಟ್ರೋಲ್ ಹಾಕುವ ಮುಂಚೆ ‘ಸೊನ್ನೆ ನೋಡಿ’ ಎಂದು ಹೇಳುವುದು ನಮ್ಮ ಕೆಲಸದ ಮೊದಲ ನಿಯಮ. ಮೀಟರು ಸೊನ್ನೆಯಿಂದಲೇ ಶುರುವಾಯಿತು ಎನ್ನುವುದಕ್ಕೆ ಗಿರಾಕಿಯೇ ಸಾಕ್ಷಿಯಾಗಬೇಕು. ಉಳಿದವರು ಅದನ್ನು ಬಾಯೊಳಗೇ ಗೊಣಗಿ ಮುಗಿಸುತ್ತಾರೆ. ನಾನು ಹನ್ನೊಂದು ವರ್ಷದಿಂದ ಗಂಟಲು ಬಿಚ್ಚಿ ಹೇಳುತ್ತಿದ್ದೇನೆ. ನೋಡದವರಿಗೆ ಇನ್ನೊಮ್ಮೆ ಹೇಳುತ್ತೇನೆ. ಫೋನಿನಲ್ಲಿ ಮುಳುಗಿದವರಿಗೆ ಮೂರನೇ ಸಲ ಹೇಳುವಾಗ ನನ್ನ ದನಿ ಅಷ್ಟೇನೂ ಚೆನ್ನಾಗಿರುವುದಿಲ್ಲ.

ಹೇಳಿದ ಕೂಡಲೇ ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಸೊನ್ನೆಯನ್ನು ನಿಜವಾಗಿಯೂ ನೋಡಿದವರು ಒಬ್ಬರೇ. ಅವರು ತಕ್ಕಡಿ ರಿಪೇರಿ ಮಾಡುವವರು. ಊರೂರಿನ ಅಂಗಡಿಗಳಿಗೆ ಹೋಗಿ ತಕ್ಕಡಿಯ ಮುಳ್ಳು ಸೊನ್ನೆಗೆ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ ಸರಿಮಾಡುವುದು ಅವರ ಕಸುಬು. ಬೈಕಿನ ಎರಡೂ ಬದಿಗೆ ಚೀಲ, ಚೀಲದಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳು. ದಿನಕ್ಕೆ ಅರವತ್ತು ಕಿಲೋಮೀಟರ್ ಸುತ್ತಾಟ. ವಯಸ್ಸು ನಲವತ್ತೈದರ ಆಸುಪಾಸು, ಮಾತು ಅಳೆದು ತೂಗಿದಷ್ಟು.

ಮೊದಮೊದಲು ಅವರು ಐದು ದಿನಕ್ಕೊಮ್ಮೆ ಬರುತ್ತಿದ್ದರು. ಬೈಕನ್ನು ಸೈಡ್ ಸ್ಟ್ಯಾಂಡಿಗೆ ಒರಗಿಸಿ ‘ಫುಲ್’ ಎನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ವಾಲಿ ನಿಂತ ಬೈಕಿಗೆ ಪೆಟ್ರೋಲ್ ಹಾಕಿದರೆ ಒಂದು ಕಡೆ ಮೂತಿಯ ತನಕ ಬರುತ್ತದೆ, ಇನ್ನೊಂದು ಕಡೆ ಗಾಳಿ ಕುಳಿತಿರುತ್ತದೆ. ಹನ್ನೆರಡು ಲೀಟರ್ ಹಿಡಿಯುವ ಟ್ಯಾಂಕು ಹನ್ನೊಂದಕ್ಕೇ ತುಂಬಿದ ನಾಟಕ ಆಡುತ್ತದೆ. ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ಸರಿದರೂ ಸಹಿಸದವರು ತಮ್ಮ ಟ್ಯಾಂಕಿನ ವಿಷಯದಲ್ಲಿ ಹೀಗೆ ಮೋಸ ಹೋಗುವುದನ್ನು ಮೂರು ತಿಂಗಳು ನೋಡಿದೆ. ಆಮೇಲೆ ತಡೆಯಲಾಗಲಿಲ್ಲ. ನಡು ಸ್ಟ್ಯಾಂಡ್ ಹಾಕಿಸಿದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಗೊತ್ತುಮಾಡಿಕೊಳ್ಳುವ ಕ್ರಮ ಹೇಳಿಕೊಟ್ಟೆ: ಇವತ್ತು ಫುಲ್ ಹಾಕಿಸಿ ಮೀಟರ್ ನೋಡಿಟ್ಟುಕೊಳ್ಳಿ, ರಿಸರ್ವಿಗೆ ಬಂದ ದಿನ ಅದೇ ಬಂಕು, ಅದೇ ಪಂಪು, ಅದೇ ಮಟ್ಟಕ್ಕೆ ಮತ್ತೆ ಫುಲ್ ಹಾಕಿಸಿ. ಓಡಿದ ಕಿಲೋಮೀಟರನ್ನು ಹಿಡಿದ ಲೀಟರಿನಿಂದ ಭಾಗಿಸಿ. ಹಾಗೆ ಮಾಡಿದಾಗ ಬಂದದ್ದು ಮೂವತ್ತೈದು. ಅವರ ಬೈಕಿಗೆ ಅದು ನಾಚಿಕೆಗೇಡಿನ ಅಂಕಿ.

ಮುಂದಿನ ಎರಡು ತಿಂಗಳು ನಾನು ಅವರ ಬೈಕಿಗೆ ಮೇಷ್ಟರಾದೆ. ಟಯರಿಗೆ ಗಾಳಿ ಕಡಿಮೆ ಇತ್ತು, ತುಂಬಿಸಿದೆ. ಏರ್ ಫಿಲ್ಟರ್ ಮಣ್ಣು ಹಿಡಿದಿತ್ತು, ಬದಲಾಯಿಸಲು ಹೇಳಿದೆ. ಹಿಂದಿನ ಬ್ರೇಕು ಚಕ್ರವನ್ನು ಹಿಡಿದುಕೊಂಡೇ ಓಡುತ್ತಿತ್ತು. ಚೈನು ಜೋಲುತ್ತಿತ್ತು. ಒಂದೊಂದು ಸಲ ಒಂದೊಂದು ದೋಷ ಹಿಡಿದೆ. ಅವರು ವಿಧೇಯರಾಗಿ ತಲೆಯಾಡಿಸಿ, ಮುಂದಿನ ಸಲ ಸರಿಮಾಡಿಸಿಕೊಂಡೇ ಬರುತ್ತಿದ್ದರು. ಹಿಂದೆ ಯಾರಾದರೂ ಕೂರುತ್ತಾರೆಯೇ, ಇಬ್ಬರು ಕೂತರೆ ಮೈಲೇಜು ಬೀಳುತ್ತದೆ ಎಂದು ಒಮ್ಮೆ ಹೇಳಿದೆ.

“ಹಿಂದೆ ಯಾರೂ ಇಲ್ಲ. ಯಾವತ್ತೂ ಇರ್ಲಿಲ್ಲ” ಎಂದರು.

ಹಾಗೆ ಹೇಳಿ ಟ್ಯಾಂಕಿನ ಮುಚ್ಚಳವನ್ನು ಬೇಕಾದದ್ದಕ್ಕಿಂತ ಜಾಸ್ತಿ ತಿರುಗಿಸಿದರು. ಅವತ್ತು ಮನೆಗೆ ಹೋದ ಮೇಲೂ ನನಗೆ ಆ ಮಾತೇ ಕಿವಿಯಲ್ಲಿತ್ತು. ನನ್ನ ಹಿಂದೆಯೂ ಮುಂದೆಯೂ ಯಾರೂ ಇರಲಿಲ್ಲ. ಅಣ್ಣ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿರುತ್ತಾನೆ. ಉಳಿದ ದಿನ ನಾನು ಮತ್ತು ಅತ್ತಿಗೆ. ಅತ್ತಿಗೆಯೂ ಇದೇ ಬಂಕಿನ ಗಾಜಿನ ಕೋಣೆಯಲ್ಲಿ ಕೂತು ರಸೀದಿ ಕೊಡುತ್ತಾಳೆ. ಅಲ್ಲಿಂದ ಅವಳಿಗೆ ಎಲ್ಲ ಕಾಣುತ್ತದೆ.

ಕೊನೆಗೆ, ರಿಸರ್ವಿಗೆ ಕಾಯದೆ ಐದನೇ ದಿನಕ್ಕೇ ತುಂಬಿಸಿ ನೋಡಿದಾಗ, ಬೈಕು ಲೀಟರಿಗೆ ಐವತ್ತೆರಡು ಕೊಟ್ಟಿತು. ಅವರು ಲೆಕ್ಕದ ಚೀಟಿಯನ್ನು ನನ್ನ ಕೈಗೆ ಕೊಟ್ಟು ಮೊದಲ ಸಲ ಹಲ್ಲು ಕಾಣಿಸುವಂತೆ ನಕ್ಕರು. ನಾನು ಹಿಗ್ಗಿ ಹೀರೇಕಾಯಿಯಾದೆ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಅತ್ತಿಗೆಗೆ ಚೀಟಿ ತೋರಿಸಿದೆ. ಅವಳು ಓದಿ, ಮಡಚಿ, ವಾಪಸು ಕೊಟ್ಟಳು.

ಐದನೇ ದಿನ ಅವರು ಬರಲಿಲ್ಲ. ಆರನೇ ದಿನವೂ ಇಲ್ಲ. ಏಳನೇ ದಿನ ನಾನು ಗೇಟಿನ ಕಡೆಗೇ ನೋಡುತ್ತ ಒಬ್ಬರ ಸ್ಕೂಟರಿಗೆ ಪೆಟ್ರೋಲ್ ಉಕ್ಕಿಸಿ ಬೈಸಿಕೊಂಡೆ. ಹುಷಾರಿಲ್ಲವೇನೋ, ಎಲ್ಲಾದರೂ ಬಿದ್ದರೇನೋ ಎಂದು ಏನೇನೋ ಯೋಚನೆ. ಅವರ ಫೋನ್ ನಂಬರು ನನ್ನಲ್ಲಿರಲಿಲ್ಲ. ಬಂಕಿನವಳಿಗೆ ಗಿರಾಕಿಯ ನಂಬರು ಏಕಿರುತ್ತದೆ? ಒಂಬತ್ತನೇ ದಿನ ಬೆಳಿಗ್ಗೆ ಏನೂ ಆಗದವರಂತೆ ಬಂದು, ನಡು ಸ್ಟ್ಯಾಂಡ್ ಹಾಕಿ, ‘ಫುಲ್’ ಎಂದರು. ನನಗೆ ಅಳು ಬಂದಂತಾಯಿತು. ಸಿಟ್ಟಿನಿಂದ ಸೊನ್ನೆ ನೋಡಿ ಎಂದೆ. ಅವರು ಬಗ್ಗಿ ನೋಡಿದರು.

ಅದಾದ ಮೂರನೇ ದಿನಕ್ಕೇ ಮತ್ತೆ ಬಂದರು. ಫುಲ್ ಬೇಡ, ಎರಡು ಲೀಟರ್ ಸಾಕು ಎಂದರು. ನಾನು ಎಂಥ ಪೆದ್ದಿ ಎಂದರೆ, ಅವರಿಗೆ ಪಾಠ ಶುರುಮಾಡಿದೆ. ಹೀಗೆ ಚೂರುಪಾರು ಹಾಕಿಸುತ್ತ ಹೋದರೆ ಮೈಲೇಜಿನ ಲೆಕ್ಕ ಕೆಡುತ್ತದೆ, ಟ್ಯಾಂಕು ಅರೆಬರೆ ಇದ್ದರೆ ಒಳಗೆ ತೇವ ಕೂತು ತುಕ್ಕು ಹಿಡಿಯುತ್ತದೆ, ರಿಸರ್ವಿಗೆ ಬಂದಾಗ ಒಮ್ಮೆ ಸರಿಯಾಗಿ ತುಂಬಿಸಿದರೆ ಮುಗಿಯಿತು, ಸುಮ್ಮನೆ ನಡುವೆ ಏಕೆ ಬರುತ್ತೀರಿ ಎಂದೆ. ಹೇಳಿದ್ದಷ್ಟೇ ಅಲ್ಲ, ಫುಲ್ ಹಾಕಿಯೇ ಬಿಟ್ಟೆ. ಮೂರೂವರೆ ಲೀಟರ್ ಹಿಡಿಯಿತು.

“ಸರಿ. ನೀವು ಹೇಳಿದ ಹಾಗೇ ಆಗ್ಲಿ” ಎಂದು ಹೊರಟರು.

ಅತ್ತಿಗೆ ಗಾಜಿನ ಕೋಣೆಯಿಂದ ಎದ್ದು ಬಂದಳು. ಹಣೆಗೆ ಕೈ ಹಚ್ಚಿಕೊಂಡೇ ಬಂದಳು.

“ಅಲ್ಲ ಕಣೇ, ಐದು ದಿನಕ್ಕೊಂದ್ಸಲ ಬರ್ತಿದ್ದೋರನ್ನ ಒಂಬತ್ತು ದಿನಕ್ಕೆ ತಂದಿದ್ದು ಯಾರು? ನೀನೇ. ಪಾಪ, ಅವರೇ ಒಂದು ದಾರಿ ಹುಡುಕಿಕೊಂಡು ಬಂದ್ರೆ ಅದಕ್ಕೂ ಮುಚ್ಚಳ ಹಾಕ್ದೆ.”

ಪೆಟ್ರೋಲ್ ಹಾಕಿಸಲು ಬಂದಿದ್ದರು ಅಷ್ಟೇ ಎಂದು ನಾನು ವಾದಿಸಿದೆ.

“ಈ ಬಂಕಿಗೆ ಬರೋ ಮುದುಕರಿಂದ ಹಿಡಿದು ಎಲ್ಲರೂ ನಿನ್ನನ್ನ ಅಕ್ಕ ಅಂತಾರೆ. ಅವರು ಒಂದ್ಸಲನಾದ್ರೂ ಅಂದಿದ್ದಾರಾ? ಯೋಚನೆ ಮಾಡು” ಎಂದು ಹೇಳಿ ಅವಳು ಹೋಗಿ ಕೂತಳು.

ಯೋಚನೆ ಮಾಡಿದೆ. ಒಂದು ಸಲವೂ ಅಂದಿರಲಿಲ್ಲ. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದೆ, ಅದೂ ಏರ್ ಫಿಲ್ಟರು, ಚೈನು, ಬ್ರೇಕು ಎಂದು ಒಂದೊಂದೇ ಕಲ್ಲು ಆರಿಸಿ. ಆಮೇಲಿನ ದಿನಗಳು ಹೇಗೆ ಕಳೆದವೆಂದು ಹೇಳಲಾರೆ. ಅವರು ಬರಲಿ ಎಂದು ನಾನು ಇಷ್ಟು ಕಾಯುತ್ತೇನೆಂಬುದು ನನಗೇ ಗೊತ್ತಿರಲಿಲ್ಲ. ಅವರ ಟಯರಿನಲ್ಲಿ ಗಾಳಿ ಇಳಿಯಲಿ, ಫಿಲ್ಟರಿಗೆ ಮಣ್ಣು ತುಂಬಲಿ, ಬೈಕು ಕುಡಿದು ಕುಡಿದು ಮೂರನೇ ದಿನಕ್ಕೇ ಬಾಯಾರಲಿ ಎಂದು ಬೇಡಿಕೊಂಡೆ. ಅವರು ಯಾವಾಗಲೂ ಬಂದು ನಿಲ್ಲುವ ಮೂರನೇ ಪಂಪನ್ನು ಬಿಟ್ಟು ಅಲುಗಲಿಲ್ಲ. ಊಟದ ಬಿಡುವಿನಲ್ಲೂ ಅಲ್ಲೇ ನಿಂತು ತಿಂದೆ. ಬಂದರೆ ಎರಡೇ ಲೀಟರ್ ಹಾಕುತ್ತೇನೆ, ದಿನಾ ಬನ್ನಿ ಎನ್ನುತ್ತೇನೆ ಎಂದು ಮಾತು ಜೋಡಿಸಿಟ್ಟುಕೊಂಡೆ.

ಬೈಕು ಬಾಯಾರಲಿಲ್ಲ. ನಾನು ಸರಿಮಾಡಿದ ಬೈಕು, ಮಾತಿಗೆ ತಪ್ಪೀತೇ? ಸರಿಯಾಗಿ ಒಂಬತ್ತನೇ ದಿನ ಬಂದರು. ತೂಕದ ಬಟ್ಟಿನ ಚೀಲಗಳ ಜೊತೆ ಅವತ್ತು ಹಿಂದಿನ ಸೀಟಿನ ಮೇಲೆ ಹಗ್ಗ ಸುತ್ತಿತ್ತು, ಸೂಟ್‌ಕೇಸು ಕಟ್ಟಲು ಅಳತೆ ನೋಡಿದ್ದು ಎಂದರು.

ಅಂಗಡಿಗಳಲ್ಲಿ ಈಗ ಮುಳ್ಳಿನ ತಕ್ಕಡಿ ಇಡುವವರೇ ಇಲ್ಲ, ಎಲ್ಲ ಎಲೆಕ್ಟ್ರಾನಿಕ್ ಆಗಿವೆ. ಐನೂರು ಕಿಲೋಮೀಟರ್ ದೂರದ ಊರಿನಲ್ಲಿ ಅಂಥ ತಕ್ಕಡಿ ತಯಾರಿಸುವ ಕಾರ್ಖಾನೆಯೊಂದು ಪರೀಕ್ಷಿಸುವ ಕೆಲಸಕ್ಕೆ ಕರೆದಿದೆ ಎಂದರು. ಸೇರಲು ಹನ್ನೊಂದು ದಿನ ಸಮಯ ಇದೆಯಂತೆ. ಆದರೆ ಇಲ್ಲಿದ್ದು ಮಾಡುವುದೇನು, ನಾಳೆಯೇ ಹೊರಡೋಣ ಎಂದುಕೊಂಡಿದ್ದೇನೆ ಎಂದರು. ಇಷ್ಟನ್ನೂ ಟ್ಯಾಂಕಿನ ಕಡೆ ನೋಡುತ್ತಲೇ ಹೇಳಿದರು.

“ಫುಲ್ ಹಾಕಿ. ಒಂದೇ ಟ್ಯಾಂಕಿನಲ್ಲಿ ಅಲ್ಲೀತನಕ ಹೋಗಬಹುದಲ್ವಾ? ದಾರೀಲಿ ಬೇರೆ ಯಾವ ಬಂಕಲ್ಲೂ ನಿಲ್ಲೋದು ಬೇಡ ಅಂತ.”

ಹೋಗಬಹುದು. ಹನ್ನೆರಡು ಲೀಟರ್, ಐವತ್ತೆರಡರ ಲೆಕ್ಕ, ಆರುನೂರ ಇಪ್ಪತ್ತನಾಲ್ಕು ಕಿಲೋಮೀಟರ್. ತಲುಪಿ ಇನ್ನೂ ನೂರು ಕಿಲೋಮೀಟರಿನಷ್ಟು ಉಳಿಯುತ್ತದೆ. ಎಲ್ಲೂ ನಿಲ್ಲದೆ ನನ್ನಿಂದ ದೂರ ಹೋಗುವ ಶಕ್ತಿಯನ್ನು ಆ ಬೈಕಿಗೆ ಕೊಟ್ಟವಳು ನಾನೇ.

ಸೊನ್ನೆ ನೋಡಿ ಎಂದೆ. ನೋಡಿದರು. ನಾಜಲ್ ಒತ್ತಿದೆ. ಎರಡು ಲೀಟರ್ ಆಗುತ್ತಲೇ ಕೈ ಬಿಟ್ಟೆ, ನಾಜಲ್ ತೆಗೆದು ಪಂಪಿಗೆ ಸಿಕ್ಕಿಸಿದೆ.

ಅವರು ಮೀಟರನ್ನೂ ನನ್ನನ್ನೂ ನೋಡಿದರು. ಫುಲ್ ಹೇಳಿದ್ದೆನಲ್ಲ ಎಂದರು.

“ಇವತ್ತಿಗೆ ಎರಡೇ. ಉಳಿದಿದ್ದು ನಾಳೆ ಬಂದು ಹಾಕಿಸಿಕೊಳ್ಳಿ” ಎಂದೆ.

ಅವರ ಹಿಂದೆ ನಾಲ್ಕು ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಅವರು ನಿಧಾನವಾಗಿ ಮುಚ್ಚಳ ಹಾಕಿದರು. ಗೇಟಿನಲ್ಲಿ ಎಡಕ್ಕೆ ತಿರುಗಿದರೆ ಅವರ ಮನೆಯ ದಾರಿ, ಬಲಕ್ಕೆ ಹೆದ್ದಾರಿ. ಎಡಕ್ಕೆ ತಿರುಗಿದರು.

ಮರುದಿನ ಬೆಳಿಗ್ಗೆ ಏಳಕ್ಕೇ ಬಂದರು. ಸೀಟಿನ ಮೇಲೆ ಹಗ್ಗ ಇರಲಿಲ್ಲ. “ಎರಡು” ಎಂದರು. ನಾನು ಎರಡೇ ಹಾಕಿದೆ. ಅದರ ಮರುದಿನವೂ ಎರಡು. ನಡುವೆ ಒಂದು ಭಾನುವಾರ ಅವರಿಗೆ ಎಲ್ಲೂ ಸುತ್ತಾಟವಿರಲಿಲ್ಲ, ಆದರೂ ಬಂದರು. ಮಾತೇನೂ ಹೆಚ್ಚಾಗಲಿಲ್ಲ. ಬಿಸಿಲು ಜೋರು ಎಂದು ಅವರು, ಹೌದು ಎಂದು ನಾನು. ಎರಡು ಲೀಟರ್ ಹಾಕಲು ಎಷ್ಟು ಹೊತ್ತು ಬೇಕು? ನಾನು ನಾಜಲನ್ನು ಅರ್ಧವೇ ಒತ್ತುತ್ತಿದ್ದೆ. ಅತ್ತಿಗೆ ಒಳಗಿಂದ ನಮ್ಮಿಬ್ಬರನ್ನೂ ನೋಡಿ ತಲೆ ಚಚ್ಚಿಕೊಳ್ಳುತ್ತಿದ್ದಳು.

ಆದರೆ ಲೆಕ್ಕ ಬಲ್ಲವಳಿಗೆ ನೆಮ್ಮದಿ ಎಲ್ಲಿ? ದಿನಕ್ಕೆ ಎರಡು ಲೀಟರ್ ಒಳಗೆ ಹೋಗುತ್ತದೆ, ಅರವತ್ತು ಕಿಲೋಮೀಟರಿಗೆ ಉರಿಯುವುದು ಒಂದೂ ಚಿಲ್ಲರೆ. ಉಳಿದದ್ದು ಟ್ಯಾಂಕಿನಲ್ಲೇ ಕೂಡುತ್ತ ಹೋಗುತ್ತದೆ. ಮುಚ್ಚಳ ತೆಗೆದಾಗಲೆಲ್ಲ ಪೆಟ್ರೋಲು ಒಂದೊಂದು ಬೆರಳು ಮೇಲೆ ಬಂದಿರುತ್ತಿತ್ತು. ಅದು ಮೂತಿಗೆ ಮುಟ್ಟುವುದರೊಳಗೆ ಇಬ್ಬರಲ್ಲಿ ಒಬ್ಬರು ಬಾಯಿ ಬಿಡಬೇಕಿತ್ತು. ಒಂಬತ್ತು ದಿನ ಇಬ್ಬರೂ ಬಿಡಲಿಲ್ಲ.

ಹತ್ತನೇ ದಿನ, ಅಂದರೆ ಇವತ್ತು, ಒಂದು ಲೀಟರ್ ದಾಟುತ್ತಲೇ ನಾಜಲ್ ಟಕ್ಕೆಂದು ನಿಂತಿತು. ಇನ್ನೂ ಸುರಿಯಬಹುದಿತ್ತು. ಬಿಸಿಲಿಗೆ ಪೆಟ್ರೋಲು ಹಿಗ್ಗುತ್ತದೆ, ಮೂತಿಯ ತನಕ ತುಂಬಬಾರದು ಎಂದು ಎಲ್ಲರಿಗೂ ಹೇಳುವವಳು ನಾನು.

“ತುಂಬ್ತು. ಇನ್ನು ಜಾಗ ಇಲ್ಲ” ಎಂದೆ.

ಅವರು ಟ್ಯಾಂಕಿನೊಳಗೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ, ಕೆಲಸಕ್ಕೆ ಸೇರಲು ನಾಳೆ ಕೊನೆಯ ದಿನ ಎಂದರು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಪಕ್ಕದ ಪಂಪಿನ ಸದ್ದಿನಲ್ಲಿ ಅರ್ಧ ಮುಳುಗಿತು.

ನಾನು ನಾಜಲ್ ತೆಗೆದು ಪಂಪಿಗೆ ಸಿಕ್ಕಿಸಿದೆ.

“ನಾಳೆ ನಾನು ರಜ ಹಾಕ್ತೀನಿ. ಬೆಳಿಗ್ಗೆ ಆರಕ್ಕೆ ಈ ಗೇಟಿನ ಹತ್ರ ಇರ್ತೀನಿ. ಎಡಕ್ಕೋ ಬಲಕ್ಕೋ, ಎಲ್ಲಿಗೆ ಅಂತ ಅಲ್ಲೇ ತೀರ್ಮಾನ ಮಾಡೋಣ. ಸೂಟ್‌ಕೇಸು ಹಿಂದಿನ ಸೀಟಿಗೆ ಕಟ್ಟಬೇಡಿ.”

ಅವರು ತಲೆಯೆತ್ತಿದರು. ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು, ಮತ್ತೆ ಹಾಕಿಕೊಂಡರು.

“ಇಬ್ಬರು ಕೂತ್ರೆ ಮೈಲೇಜು ಬೀಳುತ್ತೆ ಅಂತ ನೀವೇ ಹೇಳಿದ್ರಿ.”

“ಬೀಳ್ಲಿ” ಎಂದೆ.