ನಲವತ್ತೊಂದನೇ ಬಾಟಲಿ

ನಮ್ಮ ಸಂಶೋಧನಾ ಕೋಣೆಯ ಕಬ್ಬಿಣದ ಬೀರುವಿನಲ್ಲಿ ಅರವತ್ತು ಲಕೋಟೆಗಳಿದ್ದವು, ಒಬ್ಬ ರೋಗಿಗೆ ಒಂದರಂತೆ. ಆ ರೋಗಿ ನುಂಗುತ್ತಿರುವುದು ಎದೆಬಡಿತ ಸರಿಪಡಿಸುವ ಹೊಸ ಮಾತ್ರೆಯೋ, ನೋಡಲು ಅದರಂತೆಯೇ ಇರುವ ಹುಸಿ ಮಾತ್ರೆಯೋ ಎಂದು ಒಳಗಿನ ಚೀಟಿಯಲ್ಲಿ ಬರೆದಿತ್ತು. ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಾದರೆ ಮನಸ್ಸು ಒಂದು ಕಡೆ ವಾಲುತ್ತದೆ, ಪರೀಕ್ಷೆ ಕೆಡುತ್ತದೆ. ಜೀವಕ್ಕೆ ಕುತ್ತು ಬಂದಾಗ ಮಾತ್ರ ಲಕೋಟೆ ಒಡೆಯಬೇಕು. ಒಂದೂವರೆ ವರ್ಷದಲ್ಲಿ ಒಂದನ್ನೂ ಒಡೆದಿರಲಿಲ್ಲ. ಬೀರುವಿನ ಕೀಲಿ ನನ್ನ ಕೊರಳಲ್ಲೇ ಇರುತ್ತಿತ್ತು.

ನಾನು ಈ ಪರೀಕ್ಷೆಯ ನರ್ಸ್. ರೋಗಿಗಳು ತಿಂಗಳಿಗೊಮ್ಮೆ ಬಾಟಲಿ ಹಿಡಿದು ಬರಬೇಕು, ನಾನು ಉಳಿದ ಮಾತ್ರೆ ಎಣಿಸಿ ಬರೆಯಬೇಕು. ಒಂದು ಹೆಚ್ಚು ಉಳಿದಿದ್ದರೂ ನಾನು ಬಿಡುವವಳಲ್ಲ. ಬೆನ್ನ ಹಿಂದೆ ಎಲ್ಲರೂ ನನ್ನನ್ನು ಎಣಿಕೆ ಅತ್ತೆ ಎನ್ನುತ್ತಿದ್ದರು. ಅನ್ನಲಿ, ನನಗೇನು.

ಬಾಟಲಿಗಳ ಮೇಲೆ ಹೆಸರಿರುವುದಿಲ್ಲ, ನಂಬರ್ ಮಾತ್ರ. ನಲವತ್ತೊಂದು ಮತ್ತು ನಲವತ್ತೆರಡು ಓರಗಿತ್ತಿಯರು. ದೊಡ್ಡವಳು ದಪ್ಪ ಮೈಯ, ದೊಡ್ಡ ಬಾಯಿಯ ಹೆಂಗಸು. ಚಿಕ್ಕವಳು ಹಿಡಿಯಷ್ಟು ಮೈಯವಳು, ಮೂತ್ರಪಿಂಡವೂ ಅಷ್ಟಕ್ಕಷ್ಟೇ. ಇಬ್ಬರೂ ಎಣ್ಣೆ ಸೀಗೆಕಾಯಿ. ಒಂದೇ ಆಟೋದಲ್ಲಿ ಬಂದು, ಇಳಿದ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನಮ್ಮ ವರಾಂಡದಲ್ಲಿ ಮೂವರು ಕೂರುವ ಬೆಂಚು ಖಾಲಿಯಿದ್ದರೂ ಒಬ್ಬಳು ಕೂತರೆ ಇನ್ನೊಬ್ಬಳು ನಿಂತೇ ಇರುತ್ತಿದ್ದಳು.

ಒಂದು ಮನೆಯಿಂದ ಒಬ್ಬರನ್ನೇ ತೆಗೆದುಕೊಳ್ಳಬೇಕು ಎಂಬುದು ಪರೀಕ್ಷೆಯ ನಿಯಮ. ಒಂದೇ ಸೂರಿನಡಿ ಎರಡು ಬಾಟಲಿ ಇದ್ದರೆ ಅದಲುಬದಲಾಗುವ ಭಯ. ಚಿಕ್ಕವಳು ಸೇರಲು ಬಂದಾಗ ನಾನು ಕೇಳಿದ್ದೆ.

"ನಂದು ಮೇಲ್ಗಡೆ, ಅವಳದು ಕೆಳಗೆ ಸಿಸ್ಟರ್. ಒಲೆ ಬೇರೆ, ಬೀಗ ಬೇರೆ. ಅವಳ ಮನೆ ನೀರು ಕೂಡ ನಾನು ಮುಟ್ಟಲ್ಲ" ಅಂದಿದ್ದಳು.

ಅಷ್ಟು ಹೊತ್ತಿಗೆ ಇನ್ನೂ ಹತ್ತೊಂಬತ್ತು ಜನ ಬೇಕಿತ್ತು, ಮುಖ್ಯ ಕಚೇರಿಯವರು ದಿನಾ ಫೋನ್ ಮಾಡಿ ತಲೆ ತಿನ್ನುತ್ತಿದ್ದರು. ಒಳಗೊಂದು ಮೆಟ್ಟಿಲಿರುವ ಒಂದೇ ಮನೆ ಎಂದು ಗೊತ್ತಿದ್ದೂ ನಾನು 'ಬೇರೆ ಮನೆ' ಎಂಬ ಚೌಕದಲ್ಲಿ ಗುರುತು ಹಾಕಿದೆ. ಹಾಕಿದ ಮೇಲೆ ಮರೆತೂ ಬಿಟ್ಟೆ.

ಆ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಚಿಕ್ಕವಳನ್ನು ಸ್ಟ್ರೆಚರ್ ಮೇಲೆ ತಂದರು. ಬಟ್ಟೆ ಒಣಹಾಕುವಾಗ ತಲೆ ಸುತ್ತಿ ಬಿದ್ದಿದ್ದಳಂತೆ. ತುಟಿ ಬಿಳಿಚಿತ್ತು. ಪರದೆಯ ಮೇಲೆ ಗೆರೆ ನಾಲ್ಕು ಸಲ ಸರಿಯಾಗಿ ಓಡಿ, ಆಮೇಲೆ ಎದ್ದುಬಿದ್ದು ಸಿಕ್ಕಾಪಟ್ಟೆ ಕುಣಿದು, ಮತ್ತೆ ಸರಿಹೋಗುತ್ತಿತ್ತು. ಕುಣಿದಾಗಲೆಲ್ಲ ಅವಳ ಕಣ್ಣುಗುಡ್ಡೆ ಮೇಲಕ್ಕೆ ಹೋಗುತ್ತಿತ್ತು.

ನಮ್ಮ ಡಾಕ್ಟರು ಎತ್ತರದ, ಮೆದು ಮಾತಿನ ಮನುಷ್ಯ. ಅವತ್ತು ಅವರ ಮೆದು ಮಾತು ಎಲ್ಲೋ ಹೋಗಿತ್ತು.

"ಲಕೋಟೆ ತನ್ನಿ ಸಿಸ್ಟರ್. ನಮ್ಮ ಮಾತ್ರೆಯಿಂದ ಹೀಗಾಗಿದ್ರೆ ಒಂದು ಇಂಜೆಕ್ಷನ್, ಹೃದಯ ತಾನಾಗೇ ಕೆಟ್ಟಿದ್ರೆ ಬೇರೆ ಇಂಜೆಕ್ಷನ್. ಅದಕ್ಕಿದು ಕೊಟ್ರೆ ಕೈ ಬಿಟ್ಟುಹೋಗ್ತಾರೆ."

ಓಡಿದೆ. ನಲವತ್ತೆರಡನೇ ಲಕೋಟೆ ತಂದೆ. ಅವರು ಹರಿದು ಓದಿ ಉಸಿರು ಬಿಟ್ಟರು.

"ಹುಸಿ ಮಾತ್ರೆ. ನಮ್ಮದಲ್ಲ. ಎರಡನೇದನ್ನ ತುಂಬಿ."

ಡ್ಯೂಟಿ ನರ್ಸ್ ಸಿರಿಂಜಿಗೆ ಔಷಧಿ ಎಳೆಯತೊಡಗಿದಳು. ನನ್ನ ಕೈ ಸುಮ್ಮನಿರಲಿಲ್ಲ. ರೋಗಿ ಬಂದರೆ ಅವರ ಮಾತ್ರೆ ನೋಡುವ ಹಾಳು ಅಭ್ಯಾಸ. ಚಿಕ್ಕವಳ ಚೀಲ ಬಿಚ್ಚಿದೆ. ಕನ್ನಡಕ, ಬಾಚಣಿಗೆ, ಮಾತ್ರೆಯ ಬಾಟಲಿ. ಬಾಟಲಿಯ ಮೇಲೆ ನಲವತ್ತೊಂದು ಎಂದಿತ್ತು.

ನಲವತ್ತೊಂದು ಕೆಳಗಿನ ಮನೆಯ ದೊಡ್ಡವಳದು.

ಬಾಯಿ ಬಿಟ್ಟರೆ, ಇದು ಹೇಗೆ ಇವಳ ಚೀಲಕ್ಕೆ ಬಂತು ಎಂದು ಕೇಳುತ್ತಾರೆ. ಒಂದೇ ಮನೆ ಎನ್ನಬೇಕಾಗುತ್ತದೆ. ಇಪ್ಪತ್ತಾರು ವರ್ಷ ಒಬ್ಬರ ಕೈಲೂ ಬೆರಳು ತೋರಿಸಿಕೊಳ್ಳದವಳು ನಾನು. 'ಸಿಸ್ಟರ್ ಬರೆದ್ರೆ ಮುಗೀತು' ಎಂದು ಈ ಡಾಕ್ಟರೇ ಎಷ್ಟು ಜನರ ಎದುರು ಹೇಳಿಲ್ಲ! ಬಾಟಲಿ ಮಾತ್ರ ಬದಲಾಗಿ ಒಳಗಿನ ಮಾತ್ರೆ ಅವಳದೇ ಇರಬಹುದು, ಇವತ್ತೊಂದೇ ದಿನ ಬದಲಾಗಿರಬಹುದು ಎಂದು ಮನಸ್ಸು ನನ್ನನ್ನೇ ಪುಸಲಾಯಿಸಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಸಿರಿಂಜು ಅರ್ಧ ತುಂಬುವವರೆಗೂ ನಾನು ಸುಮ್ಮನೆ ನಿಂತಿದ್ದೆ.

ಪರದೆಯ ಗೆರೆ ಮತ್ತೆ ಕುಣಿಯಿತು. ಈ ಸಲ ಬೇಗ ಸರಿಹೋಗಲಿಲ್ಲ.

"ನಿಲ್ಸೇ!" ನನ್ನ ಕೂಗಿಗೆ ಡ್ಯೂಟಿ ನರ್ಸ್ ಬೆಚ್ಚಿಬಿದ್ದಳು. "ಡಾಕ್ಟ್ರೇ, ಇವರು ತಗೋತಿದ್ದಿದ್ದು ಈ ಬಾಟಲಿ. ನಲವತ್ತೊಂದು."

"ಬೇರೆಯವರ ಬಾಟಲಿ ಇವರ ಹತ್ರ ಹೇಗೆ?"

"ಒಂದೇ ಮನೆಯವರು. ನಂಗೆ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಬರೆದೆ."

ಅವರು ನನ್ನನ್ನು ನೋಡಿದ ನೋಟ ನಾನು ಸಾಯುವವರೆಗೂ ಮರೆಯುವುದಿಲ್ಲ. ಆದರೆ ನಿಂತು ನೋಡಿಸಿಕೊಳ್ಳಲು ಪುರುಸೊತ್ತಿರಲಿಲ್ಲ. ಓಡಿಹೋಗಿ ನಲವತ್ತೊಂದನೇ ಲಕೋಟೆ ತಂದು, ಯಾರ ಅಪ್ಪಣೆಗೂ ಕಾಯದೆ ನಾನೇ ಹರಿದೆ. ಹೊಸ ಮಾತ್ರೆ. ದಪ್ಪ ಮೈಯವಳ ಅಳತೆಯದು, ಪೂರ್ತಿ ಪ್ರಮಾಣ; ಚಿಕ್ಕವಳ ಮೂತ್ರಪಿಂಡ ಹೊರಹಾಕಲಾಗದಷ್ಟು.

ಅರ್ಧ ತುಂಬಿದ ಸಿರಿಂಜು ಕಸದ ಬುಟ್ಟಿಗೆ ಹೋಯಿತು. ಬೇರೆ ಔಷಧಿ ಹಾಕಿದರು. ಐದು ನಿಮಿಷ ಏನೂ ಬದಲಾಗಲಿಲ್ಲ. ಎಂಟನೇ ನಿಮಿಷಕ್ಕೆ ಕುಣಿತಗಳ ನಡುವಿನ ಅಂತರ ಹೆಚ್ಚಿತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಗೆರೆ ಒಂದೇ ಸಮ ಓಡುತ್ತಿತ್ತು.

ಡಾಕ್ಟರು ಕೈ ತೊಳೆಯುತ್ತಾ, ತಿರುಗಿ ನೋಡದೆ, "ಎಲ್ಲಾ ಬರೆದು ಕೊಡಿ. ನಿಮ್ಮದನ್ನೂ" ಅಂದರು. ಕೊರಳಿನ ಕೀಲಿ ತೆಗೆದು ಅವರ ಪಕ್ಕದಲ್ಲಿಟ್ಟೆ. ಬೇಡ ಎನ್ನಲಿಲ್ಲ.

ವರಾಂಡದಲ್ಲಿ ದೊಡ್ಡವಳು ಬೆಂಚಿನ ತುದಿಯಲ್ಲಿ ಕೂತಿದ್ದಳು. ನನ್ನ ಸಿಟ್ಟೆಲ್ಲ ಅವಳ ಮೇಲೆ ತಿರುಗಿತು. ನನ್ನ ಮೇಲಿನ ಸಿಟ್ಟೂ ಸೇರಿ.

"ಏನಮ್ಮಾ, ಬುದ್ಧಿ ಇದೆಯಾ ನಿಮ್ಗೆ? ನಿಮ್ಮ ಬಾಟಲಿ ಅವಳ ಚೀಲದಲ್ಲಿ ಏನ್ ಮಾಡ್ತಿತ್ತು?"

"ಇದಾಳಾ?" ಎಂದಳು. ದೊಡ್ಡ ಬಾಯಿಯಿಂದ ಅಷ್ಟು ಸಣ್ಣ ದನಿ ನಾನು ಕೇಳಿರಲಿಲ್ಲ.

"ಇದಾಳೆ."

ಅವಳು ಸೆರಗಿನಿಂದ ಮುಖ ಒತ್ತಿಕೊಂಡಳು. "ಮೊದಲನೇ ತಿಂಗಳಲ್ಲೇ ನನ್ನ ಎದೆ ಡವಡವ ನಿಂತೋಯ್ತು ಸಿಸ್ಟರ್. ಅಸಲಿ ನಂಗೆ ಬಂದಿದೆ ಅಂತ ಗೊತ್ತಾಯ್ತು. ಅವಳು ಮೆಟ್ಟಿಲು ಹತ್ತೋವಾಗ ಆರನೇ ಮೆಟ್ಟಿಲಲ್ಲಿ ನಿಂತು ಏದುಸಿರು ಬಿಡ್ತಾಳೆ. ಕೆಳಗೆ ಕೂತ್ಕೊಂಡು ದಿನಾ ಎಷ್ಟು ಅಂತ ಕೇಳಿಸ್ಕೊಳ್ಳಿ? ಕೊಟ್ರೆ ತಗೊಳ್ಳೋಳಲ್ಲ. ಅದಕ್ಕೆ ಎರಡು ತಿಂಗಳಿಂದ ಅವಳು ಸ್ನಾನಕ್ಕೆ ಹೋದಾಗ ಬಾಟಲಿ ಬದಲಾಯಿಸ್ತಿದ್ದೆ. ನಂಬರ್ ಅವಳು ನೋಡೋಳಲ್ಲ. ನಿಮ್ಮ ಹತ್ರ ಬರೋ ದಿನ ಮತ್ತೆ ವಾಪಸ್ ಇಡ್ತಿದ್ದೆ. ನೀವು ನಂಬರ್ ನೋಡ್ತೀರಲ್ಲ."

ಎರಡು ತಿಂಗಳು. ನನ್ನ ಮೇಜಿನ ಮೇಲೆ ಆ ಎರಡು ಬಾಟಲಿಗಳನ್ನು ಒಂದೊಂದೇ ಮಾತ್ರೆ ತಳ್ಳಿ ಎಣಿಸಿದ್ದೆ. ಎಣಿಕೆ ಒಂದೂ ತಪ್ಪಿರಲಿಲ್ಲ.

"ನಾನು ಅಂತ ಅವಳಿಗೆ ಹೇಳ್ಬೇಡಿ" ಎಂದಳು.

"ವರದಿಯಲ್ಲಿ ಇರುತ್ತಮ್ಮಾ, ಅವರಿಗೆ ತಿಳಿಸಲೇಬೇಕು. ನಂದು ನಾನು ಹೇಳಿ ಬಂದೆ. ನಿಮ್ಮದು ನೀವೇ ಹೇಳಿ."

ಒಳಗೆ ಹೋದಾಗ ಚಿಕ್ಕವಳಿಗೆ ಎಚ್ಚರವಾಗಿತ್ತು. ನನ್ನ ಕೈ ಹಿಡಿದೆಳೆದಳು.

"ಸಿಸ್ಟರ್, ಕೆಳಗಡೆಯವಳೂ ಇದೇ ಮಾತ್ರೆ ನುಂಗ್ತಾಳೆ. ಈಗ್ಲೇ ನಿಲ್ಸೋಕೆ ಹೇಳಿ, ಅವಳಿಗೂ ಹಿಂಗಾದ್ರೆ ಏನ್ ಗತಿ? ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡಿ. ಮೆರೀತಾಳೆ."

ನನ್ನ ಹಿಂದೆ ಬಾಗಿಲಲ್ಲಿ ದೊಡ್ಡವಳು ನಿಂತಿದ್ದಳು. ಕೇಳಿಸಿಕೊಂಡಿದ್ದಳು. ಬಾಗಿಲ ಚೌಕಟ್ಟು ಹಿಡಿದುಕೊಂಡೇ ಹೇಳಿದಳು: "ಬಾಟಲಿ ಬದಲಾಯಿಸಿದ್ದು ನಾನೇ ಕಣೇ. ಅಸಲಿ ಮಾತ್ರೆ ನಿಂಗೇ ಸಿಗ್ಲಿ ಅಂತ."

ಚಿಕ್ಕವಳು ಅವಳನ್ನೇ ನೋಡಿದಳು. ನಾನು ಪರದೆ ನೋಡಿದೆ. ಮಿಡಿತ ಎಪ್ಪತ್ತರಿಂದ ತೊಂಬತ್ತಕ್ಕೇರಿತು. ದೊಡ್ಡವಳನ್ನು ಹೊರಗೆ ಕಳಿಸಿಬಿಡಲೇ ಎಂದುಕೊಳ್ಳುವಷ್ಟರಲ್ಲಿ ನಿಧಾನವಾಗಿ ಇಳಿಯಿತು.

ಆಮೇಲೆ ಚಿಕ್ಕವಳು ಮುಖ ಗೋಡೆಗೆ ತಿರುಗಿಸಿ, ಕಾಲು ಮಡಚಿ, ಮಂಚದ ತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿದಳು.